ಅಂಕಿತದೊಳಗಿನ ಉಳಿ

ನಿವೃತ್ತಿಯ ಬಳಿಕ ಚರ್ಮದ ಕೆಲಸವನ್ನು ಹವ್ಯಾಸವಾಗಿ ಕಲಿಯತೊಡಗಿದೆ. ಮೊದಲ ಪಾಠ ಚರ್ಮದ ಆಯ್ಕೆ. ತಂಗಡಿ ಗಿಡದ ತೊಗಟೆಯಂಥ ಸಸ್ಯಮೂಲದ ಒಗರಿನಿಂದ ಹದಗೊಂಡ ಚರ್ಮವು ಬಿಗಿಯಾಗಿದ್ದು, ಒತ್ತಿದ ಅಚ್ಚನ್ನು ಉಳಿಸಿಕೊಳ್ಳುತ್ತದೆ. ಆದರೆ ಆ ಹದಕ್ಕೆ ವಾರಗಳೇ ಬೇಕು. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಸ್ ಪೇಟೆಂಟ್ ಪಡೆದ ಕ್ರೋಮ್ ವಿಧಾನವು ಅದನ್ನು ದಿನಗಳಿಗೆ ಇಳಿಸಿತು. ಆ ಚರ್ಮ ಮೆದುವಾದುದು.

ಹೊಲಿಗೆಯದೂ ಇಂಥದೇ ಕಥೆ. ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ. ಎರಡೂ ಪ್ರತಿಯೊಂದು ರಂಧ್ರವನ್ನು ಎದುರುಬದುರಾಗಿ ದಾಟುತ್ತವೆ. ಒಂದೆಡೆ ಎಳೆ ಕಡಿದರೂ ಇನ್ನೊಂದು ಹಿಡಿದಿರುತ್ತದೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಹೊಲಿಗೆ ಯಂತ್ರದಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ನಡುವೆ ಕೊಂಡಿಯಾಗುತ್ತವೆ. ನಾನು ಕಡೆಗೆ ಕಲಿತ ಯಂತ್ರವೂ ಅದೇ ತತ್ತ್ವದ್ದು. ವೇಗ ಹೆಚ್ಚು, ಆದರೆ ಒಂದು ದಾರ ಸವೆದರೆ ಹೊಲಿಗೆ ಬಿಚ್ಚತೊಡಗುತ್ತದೆ.

ಹೋವ್‌ನ ಹೆಸರನ್ನು ತರಗತಿಯಲ್ಲಿ ನಿಮಗೆ ಬಾಯಿಪಾಠ ಮಾಡಿಸಿದ್ದೆ. ಮಾದಾರ ಚೆನ್ನಯ್ಯನವರ ವಚನಗಳನ್ನೂ ಬೋಧಿಸಿದ್ದೆ. ಅವರ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ಅವನ್ನು ಬರಿಯ ರೂಪಕವೆಂದು ವಿವರಿಸಿ ಮುಂದೆ ಸಾಗಿದೆ. ಆ ಉಪಕರಣಗಳನ್ನು ಹಿಡಿದವರನ್ನು ಊರ ಹೊರಗಿಟ್ಟ ಚರಿತ್ರೆಯನ್ನು ಹೇಳಲಿಲ್ಲ. ಇಂದು ನಾನು ಹೊಲಿದ ಚೀಲವನ್ನು ಬಂಧುಗಳು ಮೆಚ್ಚುತ್ತಾರೆ. ಇದೇ ಕೆಲಸವು ತಲೆಮಾರುಗಳವರೆಗೆ ಅವರಿಗೆ ಅವಮಾನವನ್ನೇ ತಂದಿತ್ತು. ಬೆರಳಿಗೆ ಉಳಿ ಚುಚ್ಚಿದ ದಿನ, ನನ್ನ ಪಾಠ ಅರ್ಧಕ್ಕೇ ನಿಂತಿತ್ತೆಂದು ತಿಳಿಯಿತು. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.