ಹಡಗಿಗಿಂತ ಮುಂಚೆ ಹೊರಟ ಕಾಗದ

ಹೆಮ್ಮಿಗೆ, ತಲಕಾಡು, ತಿರುಮಕೂಡಲು ಇರುವುದು ಕಾವೇರಿಯ ಬಯಲಿನಲ್ಲಿ. ಅರಬ್ಬೀ ಸಮುದ್ರ ಇಲ್ಲಿಂದ ದೂರ, ಘಟ್ಟದಾಚೆ. ಆದರೂ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ತಯಾರಾದ ಕಾಫಿ ಪುಡಿಯೋ ಚಾಮರಾಜನಗರದ ಕರಿಕಲ್ಲೋ ಹಡಗಿನಲ್ಲಿ ಅಮೆರಿಕಕ್ಕೆ ಹೋಗಬೇಕೆಂದರೆ ಒಂದು ಕಾಗದ ಮುಂಚೆ ಹೋಗಬೇಕು. ಕಂಟೇನರು ಹಡಗನ್ನು ಏರುವ 24 ಗಂಟೆಗಳಿಗೆ ಮೊದಲೇ ಅದರೊಳಗೆ ಏನಿದೆ, ಎಷ್ಟಿದೆ, ಯಾರು ಕಳಿಸಿದರು, ಯಾರಿಗೆ ಎಂಬ ವಿವರ ಅಲ್ಲಿನ ಕಸ್ಟಮ್ಸ್ ಇಲಾಖೆಯನ್ನು ತಲುಪಿರಬೇಕು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ರೂಪುಗೊಂಡ ಈ ನಿಯಮ 2002ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ‘ಇತರೆ ಸಾಮಾನು’ ಎಂದು ಬರೆದರೆ ಸಾಲದು, ಸರಕಿನ ಹೆಸರೇ ಬೇಕು. ಐರೋಪ್ಯ ಒಕ್ಕೂಟ 2011ರಲ್ಲಿ ಇಂಥದೇ ಪದ್ಧತಿ ತಂದಿತು. ಭಾರತವೂ 2018ರಲ್ಲಿ ಸಾಗರ ಸರಕುಪಟ್ಟಿಯ ಹೊಸ ನಿಯಮಾವಳಿ ಹೊರಡಿಸಿತು.

ಇದನ್ನು ಕಂಪ್ಯೂಟರ್ ಯುಗದ ವ್ಯವಸ್ಥೆ ಎಂದುಕೊಳ್ಳುವುದು ಸುಲಭ. ಆದರೆ ದೂರದ ಅಧಿಕಾರವೊಂದು ಬೇರೆಯವರ ಬಂದರಿನಲ್ಲೇ ನಿಂತು ‘ನಿನ್ನ ಹಡಗಿನಲ್ಲಿ ಏನಿದೆ, ಹೊರಡುವ ಮೊದಲೇ ಹೇಳು’ ಎಂದು ಕೇಳಿದ್ದನ್ನು ಕನ್ನಡದ ಕರಾವಳಿ ಐನೂರು ವರ್ಷಗಳ ಹಿಂದೆಯೇ ಕಂಡಿದೆ. ಆ ಕಾಗದದ ಹೆಸರು ಕರ್ತಾಜ್.

ಪೋರ್ಚುಗೀಸರ ಈ ಪದ ಬಂದದ್ದು ಕಾಗದ ಎಂಬರ್ಥದ ಅರಬ್ಬೀಯ ‘ಕಿರ್ತಾಸ್’ನಿಂದ. ಹಡಗಿನ ಹೆಸರು, ನಾಯಕ, ಗಾತ್ರ, ಸಿಬ್ಬಂದಿ, ಆಯುಧ, ಹೊರಡುವ ಬಂದರು, ಮುಟ್ಟುವ ಬಂದರು ಇವೆಲ್ಲ ಅದರಲ್ಲಿ ನಮೂದಾಗುತ್ತಿದ್ದವು. ಒಯ್ಯಬಾರದ್ದರ ಪಟ್ಟಿಯೂ ಇರುತ್ತಿತ್ತು: ಮೆಣಸು ಮೊದಲಾದ ಮಸಾಲೆ, ಯುದ್ಧಕ್ಕೆ ಒದಗುವ ಸಾಮಗ್ರಿ, ತುರ್ಕರು. ಕರ್ತಾಜ್ ಇಲ್ಲದೆ ಸಿಕ್ಕಿಬಿದ್ದ ಹಡಗು ಸರಕಿನ ಸಮೇತ ಜಪ್ತಿಯಾಗುತ್ತಿತ್ತು. ಕಾಗದದ ಶುಲ್ಕ ದೊಡ್ಡದೇನಲ್ಲ. ಅದನ್ನು ಪಡೆದವರು ಪೋರ್ಚುಗೀಸ್ ಕೋಟೆಯ ಬಂದರಿಗೆ ಹೋಗಿ ಸುಂಕ ಕಟ್ಟಬೇಕಿತ್ತು. ನಿಜವಾದ ಭಾರ ಅಲ್ಲಿತ್ತು.

1502ರಲ್ಲಿ ವಾಸ್ಕೋ ಡ ಗಾಮ ಎರಡನೆಯ ಸಲ ಬಂದಾಗ ಹೊನ್ನಾವರ, ಭಟ್ಕಳಗಳ ಕಡಲಿನಲ್ಲಿ ಹಡಗುಗಳನ್ನು ಸುಟ್ಟ. ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರೆಯಾ ಬರೆದಿರುವಂತೆ ಭಟ್ಕಳದ ಮೇಲೆ ವರ್ಷಕ್ಕಿಷ್ಟು ಅಕ್ಕಿಯ ಕಪ್ಪ ಬಿತ್ತು, ಜೊತೆಗೆ ಮೂರು ಷರತ್ತು: ಮೆಣಸಿನ ವ್ಯಾಪಾರ ಮಾಡಕೂಡದು, ತುರ್ಕರನ್ನು ಸೇರಿಸಕೂಡದು, ಕಲ್ಲಿಕೋಟೆಯ ಸಹವಾಸ ಕೂಡದು. ಅಂದರೆ ಏನು ಸರಕು, ಯಾರ ಜೊತೆ, ಎಲ್ಲಿಗೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಬರೆಯುವ ಹಕ್ಕನ್ನು ಬಂದವರು ತಮ್ಮದಾಗಿಸಿಕೊಂಡರು. ಮುಂದೆ ಕರ್ತಾಜ್ ನೂರಾರು ಹಡಗುಗಳಿಗೆ ಹಂಚಿದ್ದು ಇದೇ ಷರತ್ತುಗಳನ್ನು.

ಕರಾವಳಿ ಇದಕ್ಕೆ ಸುಮ್ಮನೆ ತಲೆಬಾಗಲಿಲ್ಲ. ಉಳ್ಳಾಲದ ರಾಣಿಯರಿಗೂ ಪೋರ್ಚುಗೀಸರಿಗೂ ನಡೆದ ಕದನಗಳಲ್ಲಿ ಕಪ್ಪದ ಪ್ರಶ್ನೆಯಷ್ಟೇ ಕಲ್ಲಿಕೋಟೆಯೊಂದಿಗಿನ ನಂಟಿನ ಪ್ರಶ್ನೆಯೂ ಇತ್ತು. ಇನ್ನೊಂದು ಬಲ ಗದ್ದೆಯಲ್ಲಿತ್ತು. ಬಸ್ರೂರು, ಮಂಗಳೂರುಗಳ ಅಕ್ಕಿ ಇಲ್ಲದೆ ಗೋವೆಯ ಒಲೆ ಉರಿಯುವುದು ಕಷ್ಟವಿತ್ತು. ಮಲಬಾರಿಗೂ ಹೊರ್ಮುಜಿಗೂ ಅದೇ ಅಕ್ಕಿ ಹೋಗುತ್ತಿತ್ತು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಪೋರ್ಚುಗೀಸ್ ಕೋಟೆಗಳು ಎದ್ದುದಕ್ಕೆ ಮೆಣಸಿನ ಜೊತೆ ಅಕ್ಕಿಯೂ ಕಾರಣ. ಹೀಗೆ ಕಾಗದ ಕೊಡುವವನ ಅನ್ನ ಕಾಗದ ಕೇಳುವವನ ಕೈಯಲ್ಲಿತ್ತು. ಕೊನೆಗೆ 1650ರ ದಶಕದ ಮೊದಲ ಭಾಗದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಮೂರೂ ಕೋಟೆಗಳನ್ನು ಗೆದ್ದುಕೊಂಡ.

ಕಾಗದ ಇದ್ದರೆ ರಕ್ಷಣೆ ಖಚಿತವೇ? ಅದೂ ಅಲ್ಲ. ಅಕ್ಬರನಂಥ ಚಕ್ರವರ್ತಿಯ ಕಡೆಯವರೂ ಮೆಕ್ಕಾ ಯಾತ್ರೆಗೆ ಕರ್ತಾಜ್ ಪಡೆಯಬೇಕಿತ್ತು. ಜಹಾಂಗೀರನ ತಾಯಿಗೆ ಸೇರಿದ ‘ರಹೀಮಿ’ ಎಂಬ ಹಡಗು ಕರ್ತಾಜ್ ಇದ್ದೂ 1613ರಲ್ಲಿ ಪೋರ್ಚುಗೀಸರಿಂದಲೇ ಸೆರೆಯಾಯಿತು. ರಾಜಮಾತೆಯ ಹಡಗಿನ ಗತಿಯೇ ಹೀಗಾದರೆ ಭಟ್ಕಳದ ಸಾಮಾನ್ಯ ವರ್ತಕನ ದೋಣಿಯ ಪಾಡು ಹೇಳಬೇಕಿಲ್ಲ.

ಅಂದಿನದಕ್ಕೂ ಇಂದಿನದಕ್ಕೂ ಗೆರೆ ಎಳೆದು ಎರಡೂ ಒಂದೇ ಎಂದರೆ ಅದು ಇತಿಹಾಸವಾಗುವುದಿಲ್ಲ. ಕರ್ತಾಜಿನ ಹಿಂದೆ ಇದ್ದದ್ದು ಇಡೀ ಕಡಲೇ ತಮ್ಮದೆಂಬ ಹಕ್ಕುಸಾಧನೆ. ಇಂದಿನ ನಿಯಮ ಕೇಳುವುದು ತನ್ನ ಬಂದರಿಗೆ ಬರುವ ಸರಕಿನ ವಿವರವನ್ನು ಮಾತ್ರ, ಮತ್ತು ಅದನ್ನೇ ನಾವೂ ಬೇರೆಯವರಿಂದ ಕೇಳುತ್ತೇವೆ. ಅಂದು ಭಟ್ಕಳದವರು ಲಿಸ್ಬನ್ನಿನ ಹಡಗಿಗೆ ಕಾಗದ ಕೇಳುವಂತಿರಲಿಲ್ಲ. ಆದರೆ ಒಂದು ಅಂಶ ಎರಡರಲ್ಲೂ ಇದೆ. ತಪಾಸಣೆಯ ಬಾಗಿಲು ಬರುವವರ ದಡದಿಂದ ಹೊರಡುವವರ ದಡಕ್ಕೆ ಸರಿಯುತ್ತದೆ. ನಿಯಮ ಬರೆದವರು ದೂರದಲ್ಲಿರುತ್ತಾರೆ. ವಿವರದಲ್ಲಿ ಏನೋ ಕೊರತೆಯಾಗಿ ಸರಕು ಬಂದರಿನಲ್ಲೇ ಉಳಿದರೆ ನಷ್ಟ ತಾಳಿಕೊಳ್ಳುವ ಶಕ್ತಿ ದೊಡ್ಡ ಕಂಪನಿಗಿರುತ್ತದೆ. ಒಂದೆರಡು ಕಂಟೇನರ್ ಕಳಿಸುವ ಸಣ್ಣ ರಫ್ತುದಾರನಿಗೆ ಇರುವುದಿಲ್ಲ.

ಇತಿಹಾಸ ಓದುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಆ ಕಾಲದ ನಮ್ಮ ಹಡಗುಗಳ ಬಗ್ಗೆ ತಿಳಿಯಲು ಬಹುಪಾಲು ನೆಚ್ಚಬೇಕಾದದ್ದು ಅವನ್ನು ತಡೆದವರ ದಾಖಲೆಗಳನ್ನೇ. ಕಾವಲುಗಾರನ ಪುಸ್ತಕದಲ್ಲಿ ಬಾಗಿಲ ಮುಂದೆ ನಿಂತವರ ಹೆಸರಿರುತ್ತದೆ, ಹಿತ್ತಿಲಿನಿಂದ ಹೋದವರ ಹೆಸರಿರುವುದಿಲ್ಲ. ಕರ್ತಾಜ್ ಪದ್ಧತಿ ಜಾರಿಯಲ್ಲಿದ್ದಾಗಲೇ, 16ನೇ ಶತಮಾನದ ನಡುಭಾಗದ ಹೊತ್ತಿಗೆ, ಕೆಂಪು ಸಮುದ್ರದ ದಾರಿಯಲ್ಲಿ ವೆನಿಸ್ ಸೇರುತ್ತಿದ್ದ ಮೆಣಸಿನ ಪ್ರಮಾಣ ಮತ್ತೆ ಹಳೆಯ ಮಟ್ಟ ಮುಟ್ಟಿತ್ತು. ಪೋರ್ಚುಗೀಸರ ಲೆಕ್ಕದ ಪ್ರಕಾರ ಆ ಮೆಣಸು ಹಡಗು ಹತ್ತಲೇಬಾರದಿತ್ತು. ಹತ್ತಿತು, ಕಡಲು ದಾಟಿತು, ಮಾರಾಟವೂ ಆಯಿತು. ಘಟ್ಟದ ಮೆಣಸು ಬೆಳೆದವರಿಂದ ಹಿಡಿದು ಅದನ್ನು ಏಡನ್ನಿಗೆ ಮುಟ್ಟಿಸಿದವರ ತನಕ ಆ ದಾರಿಯಲ್ಲಿ ಎಷ್ಟೋ ಜನ ಇದ್ದಿರಬೇಕು. ಕರ್ತಾಜಿನಲ್ಲಿ ಅವರ ಸರಕಿನ ಹೆಸರಿಲ್ಲ. ಕನ್ನಡ ಕರಾವಳಿಯ ಚರಿತ್ರೆ ಬರೆಯುವವರು ಕಾಗದ ಹೇಳಿದ್ದರ ಜೊತೆಗೆ ಅದಕ್ಕೆ ಸಿಗದ ಆ ಮೆಣಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.