ಹೆಸರು ಹೊರಗೆ, ಬೇಡಿಕೆ ಒಳಗೆ: ಸಿಗ್ನೇಚರ್ ಗಿಟಾರುಗಳ ಟೋನ್ ಸರ್ಕ್ಯೂಟಿನ ಚರಿತ್ರೆ (1952–1988)

ಕಲಾವಿದರೊಬ್ಬರ ಹೆಸರು ಹೊತ್ತು ಮಾರುಕಟ್ಟೆಗೆ ಬರುವ ಗಿಟಾರನ್ನು ಸಂಗೀತಗಾರರು ‘ಸಿಗ್ನೇಚರ್ ಮಾಡೆಲ್’ ಎನ್ನುತ್ತಾರೆ. ಈ ವಾಡಿಕೆ ಎಲೆಕ್ಟ್ರಿಕ್ ಗಿಟಾರಿಗಿಂತ ಹಳೆಯದು. ಅಮೆರಿಕದ ಗಿಬ್ಸನ್ ಕಂಪನಿ 1920ರ ದಶಕದ ಕೊನೆಯಲ್ಲೇ ಗಾಯಕ ನಿಕ್ ಲೂಕಸ್ ಹೆಸರಿನಲ್ಲಿ ಗಿಟಾರ್ ಮಾರುತ್ತಿತ್ತು. ಬರೀ ಮರದ ಗಿಟಾರಿನಲ್ಲಿ ವಾದಕ ತನಗೆ ಬೇಕೆಂದು ಕೇಳಬಹುದಾದದ್ದು ಪೆಟ್ಟಿಗೆಯ ಆಳ, ಕತ್ತಿನ ದಪ್ಪ, ಅಲಂಕಾರ ಇಂಥವು. ವಿದ್ಯುತ್ತು ಬಂದ ಮೇಲೆ ಕೇಳುವುದಕ್ಕೆ ಇನ್ನೊಂದು ಜಾಗ ಸಿಕ್ಕಿತು. ಅದು ನಾಬ್‌ಗಳ ಹಿಂದಿನ ಸರ್ಕ್ಯೂಟು. ಹೆಸರು ಕೊಟ್ಟವರ ಬೇಡಿಕೆ ಆ ಸರ್ಕ್ಯೂಟಿನೊಳಗೆ ನಿಜಕ್ಕೂ ಇಳಿದಿದೆಯೇ ಎಂಬುದು ಈ ಲೇಖನದ ಪ್ರಶ್ನೆ. ಗಿಟಾರಿನ ಬಗೆಗಿನ ಬರಹಗಳು ಬಹುಪಾಲು ಮರ, ಬಣ್ಣ, ಹರಾಜಿನ ಬೆಲೆಗಳ ಸುತ್ತಲೇ ತಿರುಗುತ್ತವೆ. ಮುಚ್ಚಳ ತೆಗೆದು ನೋಡಿದರೆ ಚರಿತ್ರೆ ಬೇರೆ ಕ್ರಮದಲ್ಲಿ ಕಾಣುತ್ತದೆ. 1952ರ ಗಿಬ್ಸನ್ ಲೆಸ್ ಪಾಲ್ ಮತ್ತು 1988ರ ಫೆಂಡರ್ ಎರಿಕ್ ಕ್ಲಾಪ್ಟನ್ ಸ್ಟ್ರಾಟೋಕಾಸ್ಟರ್, ಈ ಎರಡನ್ನು ಮುಖ್ಯ ಸಾಕ್ಷಿಗಳಾಗಿ ಇಟ್ಟುಕೊಂಡಿದ್ದೇನೆ.

ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೀಚಂ 1930ರ ದಶಕದ ಆರಂಭದಲ್ಲಿ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ರೂಪಿಸಿದ ವಿದ್ಯುತ್ ಗಿಟಾರಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅದರ ತತ್ತ್ವ ಇಂದಿಗೂ ಬದಲಾಗಿಲ್ಲ. ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇದೇ ಪಿಕಪ್. 1936ರಲ್ಲಿ ಬಂದ ಗಿಬ್ಸನ್ ಇಎಸ್-150ರ ಹೊತ್ತಿಗೆ ವಾಲ್ಯೂಮ್‌ಗೆ ಒಂದು ನಾಬ್, ಟೋನ್‌ಗೆ ಒಂದು ನಾಬ್ ಎಂಬ ಜೋಡಿ ರೂಢಿಗೆ ಬಂದಿತ್ತು.

ಟೋನ್ ನಾಬ್ ದನಿಗೆ ಏನನ್ನೂ ಸೇರಿಸುವುದಿಲ್ಲ. ಅದು ಕಾಲುವೆಯ ತೂಬಿದ್ದಂತೆ, ಹರಿಯುವುದರಲ್ಲಿ ಒಂದು ಪಾಲನ್ನು ಬೇರೆ ಕಡೆಗೆ ಬಿಟ್ಟುಬಿಡುತ್ತದೆ. ಅದರಲ್ಲಿರುವುದು ಎರಡೇ ಬಿಡಿಭಾಗ: ಒಂದು ಪೊಟೆನ್ಶಿಯೋಮೀಟರ್, ಅಂದರೆ ರಿಪೇರಿಯವರ ಬಾಯಲ್ಲಿ ‘ಪಾಟ್’, ಮತ್ತು ಒಂದು ಕೆಪಾಸಿಟರ್. ಗಿಬ್ಸನ್ ಗಿಟಾರುಗಳಲ್ಲಿ ಸಾಮಾನ್ಯವಾದ 0.022 ಮೈಕ್ರೋಫ್ಯಾರಡ್ ಕೆಪಾಸಿಟರನ್ನೇ ತೆಗೆದುಕೊಳ್ಳಿ. 100 ಹರ್ಟ್ಸ್‌ನ ಮಂದ್ರ ನಾದಕ್ಕೆ ಅದು ಸುಮಾರು 72,000 ಓಮ್‌ನಷ್ಟು ತಡೆ ಒಡ್ಡುತ್ತದೆ. 5,000 ಹರ್ಟ್ಸ್‌ನ ಚೂಪು ನಾದಕ್ಕೆ ಸುಮಾರು 1,450 ಓಮ್ ಮಾತ್ರ. ನಾಬನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಾಗ ಚೂಪು ನಾದವೆಲ್ಲ ಈ ದಾರಿಯಲ್ಲಿ ಗ್ರೌಂಡಿಗೆ ಇಳಿದುಹೋಗುತ್ತದೆ, ಮಂದ್ರ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘223’ ಎಂದು ಅಚ್ಚಾದ ಕೆಪಾಸಿಟರ್ ಕೇಳಿದರೆ ಚಿಲ್ಲರೆ ದುಡ್ಡಿಗೆ ಸಿಗುವುದು ಇದೇ. ಹಳೆಯ ಗಿಬ್ಸನ್‌ನೊಳಗಿನ ಪಟ್ಟೆಪಟ್ಟೆಯ ‘ಬಂಬಲ್‌ಬೀ’ ಕೆಪಾಸಿಟರಿಗೆ ಸಂಗ್ರಹಕಾರರು ಕೊಡುವ ಬೆಲೆ ನೋಡಿದರೆ ನಗು ಬರುತ್ತದೆ.

ಆದರೆ ಟೋನ್ ನಾಬ್ ಬರೀ ಚೂಪನ್ನು ಕಳೆಯುವ ಸಾಧನ ಎಂದುಕೊಂಡರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಪಿಕಪ್ ಒಂದು ಕಾಯಿಲ್. ಕಾಯಿಲ್ ಮತ್ತು ಕೆಪಾಸಿಟರ್ ಜೊತೆಯಾದಲ್ಲಿ ಅನುರಣನ ಇದ್ದೇ ಇರುತ್ತದೆ, ಯಾವುದೋ ಒಂದು ಆವೃತ್ತಿಯಲ್ಲಿ ದನಿ ಉಬ್ಬಿಕೊಳ್ಳುತ್ತದೆ. ಸುಮಾರು 2.5 ಹೆನ್ರಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಕೇಬಲ್ಲಿನ ಕೆಪಾಸಿಟೆನ್ಸೂ ಸೇರಿ 600 ಪೈಕೋಫ್ಯಾರಡ್ ಎಂದು ಲೆಕ್ಕ ಹಾಕಿದರೆ ಈ ಉಬ್ಬು 4,100 ಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತದೆ. ಟೋನ್ ನಾಬ್ ಪೂರ್ತಿ ಮುಚ್ಚಿದಾಗ ಆ ಉಬ್ಬು ಅಳಿಸಿಹೋಗುವುದಿಲ್ಲ, ಕೆಳಗೆ ಜಾರುತ್ತದೆ. 4.5 ಹೆನ್ರಿಯ ಹಂಬಕರ್ (ಜೋಡಿ ಕಾಯಿಲಿನ) ಪಿಕಪ್ಪೂ 0.022 ಮೈಕ್ರೋಫ್ಯಾರಡ್ ಕೆಪಾಸಿಟರೂ ಸೇರಿದರೆ ಅದು ನಿಲ್ಲುವುದು ಸುಮಾರು 500 ಹರ್ಟ್ಸ್‌ನಲ್ಲಿ. ಈ 500ರ ಅಂಕಿ ಮುಂದೆ ಮತ್ತೆ ಬರುತ್ತದೆ.

1952ರಲ್ಲಿ ಗಿಬ್ಸನ್ ಚಿನ್ನದ ಬಣ್ಣದ ಘನಮರದ ಗಿಟಾರಿಗೆ ಲೆಸ್ ಪಾಲ್ ಹೆಸರಿಟ್ಟಿತು. ವಿಸ್ಕಾನ್ಸಿನ್‌ನ ವಾಕೆಶಾದಲ್ಲಿ 1915ರಲ್ಲಿ ಹುಟ್ಟಿದ ಈತ ಆ ಹೊತ್ತಿಗೆ ಅಮೆರಿಕದ ಮನೆಮಾತು. ಪತ್ನಿ ಮೇರಿ ಫೋರ್ಡ್ ಜೊತೆ ಮುದ್ರಿಸಿದ ‘ಹೌ ಹೈ ದ ಮೂನ್’ ಹಿಂದಿನ ವರ್ಷವಷ್ಟೇ ಮಾರಾಟದ ಪಟ್ಟಿಯ ತುದಿಯಲ್ಲಿತ್ತು. ಗಿಟಾರಿನ ವಿನ್ಯಾಸದಲ್ಲಿ ಯಾರ ಪಾಲು ಎಷ್ಟು ಎಂಬ ಬಗ್ಗೆ ಆಗ ಗಿಬ್ಸನ್ ಅಧ್ಯಕ್ಷರಾಗಿದ್ದ ಟೆಡ್ ಮೆಕಾರ್ಟಿ ಹೇಳಿದ್ದು ಒಂದು, ಲೆಸ್ ಪಾಲ್ ಹೇಳಿದ್ದು ಇನ್ನೊಂದು. ವಿವಾದವಿಲ್ಲದೆ ಲೆಸ್ ಪಾಲ್‌ಗೆ ಸೇರುವ ಭಾಗವೆಂದರೆ ತಂತಿಗಳನ್ನು ಹಿಡಿಯುವ ಟ್ರಪೀಜ್ ಟೇಲ್‌ಪೀಸ್. ಆ ಮಾದರಿಯಿಂದ ಎಲ್ಲಕ್ಕಿಂತ ಮೊದಲು ತೆಗೆದುಹಾಕಿದ್ದೂ ಅದನ್ನೇ! ಕತ್ತಿನ ಕೋನ ಹೊಂದದೆ ತಂತಿಗಳನ್ನು ಬ್ರಿಜ್ಜಿನ ಅಡಿಯಿಂದ ಹಾಯಿಸಬೇಕಾಗಿತ್ತು, ಹಾಗಾಗಿ ಅಂಗೈ ಊರಿ ನುಡಿಸಲು ಆಗುತ್ತಿರಲಿಲ್ಲ.

ಸರ್ಕ್ಯೂಟಂತೂ ಪೂರ್ತಿ ಗಿಬ್ಸನ್ನಿನದು: ಎರಡು ಪಿ-90 ಪಿಕಪ್, ಒಂದೊಂದಕ್ಕೂ ಬೇರೆ ವಾಲ್ಯೂಮ್ ಮತ್ತು ಟೋನ್, ಮೂರು ಸ್ಥಾನದ ಸ್ವಿಚ್. 1957ರಲ್ಲಿ ಸೆತ್ ಲವರ್ ರೂಪಿಸಿದ ಹಂಬಕರ್ ಬಂದು ಪಿಕಪ್ ಬದಲಾಯಿತು, ನಾಬ್‌ಗಳ ಜಾಲ ಹಾಗೆಯೇ ಉಳಿಯಿತು. ನಾಲ್ಕು ನಾಬ್ ಇದ್ದರೆ ನಾಲ್ಕು ಸ್ವತಂತ್ರ ನಿಯಂತ್ರಣ ಎಂದುಕೊಂಡು ಕೈಯಿಡುವ ಹೊಸಬರು ಇಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ. ಸ್ವಿಚ್ ನಡುವೆ ಇದ್ದಾಗ ಯಾವ ವಾಲ್ಯೂಮ್ ಅನ್ನು ಸೊನ್ನೆಗೆ ತಂದರೂ ಎರಡೂ ಪಿಕಪ್ ಮೌನವಾಗುತ್ತವೆ. ಎರಡು ಪಾಟ್‌ಗಳ ನಡುಕಾಲುಗಳು ಒಂದೇ ಔಟ್‌ಪುಟ್ಟಿಗೆ ಸೇರಿರುವುದರಿಂದ ಒಂದು ಗ್ರೌಂಡ್ ಆದರೆ ಮತ್ತೊಂದೂ ಅದರ ಜೊತೆ ಗ್ರೌಂಡ್ ಆಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಟೋನ್ ಭಾಗ ಪಾಟಿನ ಯಾವ ಕಾಲಿಗೆ ಬೆಸುಗೆಯಾಗಿದೆ ಎಂಬುದು. 1950ರ ದಶಕದ ಗಿಟಾರುಗಳಲ್ಲಿ ಅದು ವಾಲ್ಯೂಮ್ ಪಾಟಿನ ನಡುಕಾಲಿಗೆ, ಅಂದರೆ ದನಿ ಹೊರಗೆ ಹೋಗುವ ಕಡೆಗೆ ಸೇರಿತ್ತು. ಆಮೇಲಿನವುಗಳಲ್ಲಿ ಪಿಕಪ್ ಬಂದು ಸೇರುವ ಕಾಲಿಗೆ ಹೋಯಿತು. ನೋಡಲು ಅರ್ಧ ಅಂಗುಲ ತಂತಿಯ ಬದಲಾವಣೆ. ಕೇಳಲು ಹಾಗಲ್ಲ. 500 ಕಿಲೋಓಮ್ ಪಾಟನ್ನು ವಿದ್ಯುತ್ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸಿದಾಗ ಮುಂದಿನ ಕೇಬಲ್ಲಿಗೆ ಕಾಣುವ ರೋಧ ಸುಮಾರು 125 ಕಿಲೋಓಮ್. ಕೇಬಲ್ಲಿನ ಕೆಪಾಸಿಟೆನ್ಸ್ 500 ಪೈಕೋಫ್ಯಾರಡ್ ಇದ್ದರೆ 2,500 ಹರ್ಟ್ಸ್‌ನಿಂದಲೇ ಮೇಲಿನ ನಾದ ಸೋರಲು ಶುರು. ವಾಲ್ಯೂಮ್ ಇಳಿಸಿದಾಗ ದನಿ ಮಂಕಾಗುವುದು ಇದಕ್ಕೇ. ಹಳೆಯ ಜೋಡಣೆಯಲ್ಲಿ ಈ ಮಂಕು ಕಡಿಮೆ, ಆದರೆ ಟೋನ್ ತಿರುಗಿಸಿದರೆ ವಾಲ್ಯೂಮೂ ಅಲ್ಪಸ್ವಲ್ಪ ಅಲುಗುತ್ತದೆ. ಯಾವುದು ಸರಿ ಎಂಬ ಜಗಳ ಮುಗಿಯುವಂಥದ್ದಲ್ಲ. ವಾಲ್ಯೂಮ್ ನಾಬ್ ಮೇಲೆ ಸದಾ ಕಿರುಬೆರಳಿಟ್ಟು ನುಡಿಸುವವರಿಗೆ ಹಳೆಯದೇ ಒಗ್ಗುತ್ತದೆಂಬುದು ನನ್ನ ಅಭಿಪ್ರಾಯ.

ಲೆಸ್ ಪಾಲ್‌ಗೆ ಬೇಕಾಗಿದ್ದುದು ಇದಾವುದೂ ಅಲ್ಲ. ಆತ ವೇದಿಕೆಯ ಮನುಷ್ಯನಾಗಿದ್ದಂತೆಯೇ ರೆಕಾರ್ಡಿಂಗ್ ಕೋಣೆಯ ಮನುಷ್ಯ. ಒಂದರ ಮೇಲೊಂದು ಪದರವಾಗಿ ದನಿ ಮುದ್ರಿಸುವ ಕಲೆಯ ಆದ್ಯರಲ್ಲೊಬ್ಬ. ಆಂಪೆಕ್ಸ್ ಕಂಪನಿಯ ಮೊದಲ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಹೋದದ್ದು ಆತನ ಮನೆಗೆ. ಮೈಕಿನಂತೆ ಗಿಟಾರನ್ನೂ ನೇರವಾಗಿ ಮಿಕ್ಸರಿಗೆ ಕೊಡಬೇಕೆಂದರೆ ಪಿಕಪ್ ಲೋ ಇಂಪೀಡೆನ್ಸಿನದಾಗಿರಬೇಕು. ಸುತ್ತು ಕಡಿಮೆ, ಹೊರಬರುವ ವೋಲ್ಟೇಜ್ ಕಡಿಮೆ, ಆದರೆ ಉದ್ದನೆಯ ಕೇಬಲ್ ಅದರ ಚೂಪನ್ನು ತಿನ್ನಲಾರದು. ಅಂಥ ಗಿಟಾರನ್ನು ಗಿಬ್ಸನ್ ಆಗ ಮಾಡಲಿಲ್ಲ. 1961ರಲ್ಲಿ ಕಂಪನಿ ಮಾದರಿಯ ಆಕಾರವನ್ನೇ ಬದಲಿಸಿತು. 1960ರ ದಶಕದ ಆರಂಭದಲ್ಲಿ ಒಪ್ಪಂದ ಮುಗಿದು ಹೆಸರೂ ಹೋಗಿ, ಆ ಹೊಸ ಆಕಾರಕ್ಕೆ ಎಸ್‌ಜಿ ಎಂಬ ಹೆಸರು ನಿಂತಿತು.

ಗಿಬ್ಸನ್ ಮತ್ತು ಲೆಸ್ ಪಾಲ್ ಮತ್ತೆ ಕೈಜೋಡಿಸಿದ ಮೇಲೆ, 1969ರಲ್ಲಿ ‘ಪರ್ಸನಲ್’ ಮತ್ತು ‘ಪ್ರೊಫೆಷನಲ್’, 1971ರಲ್ಲಿ ‘ರೆಕಾರ್ಡಿಂಗ್’ ಎಂಬ ಲೋ ಇಂಪೀಡೆನ್ಸ್ ಮಾದರಿಗಳು ಬಂದವು. ಪರ್ಸನಲ್ ಮಾದರಿಯ ಮೈಗೆ ಮೈಕ್ ಸಿಕ್ಕಿಸುವ ಜಾಗವೂ ಇತ್ತು. ರೆಕಾರ್ಡಿಂಗ್ ಮಾದರಿಯಲ್ಲಿ ಬಾಸ್‌ಗೂ ಟ್ರೆಬಲ್‌ಗೂ ಬೇರೆ ನಾಬ್, ‘ಡೆಕೇಡ್’ ಎಂಬ ಹಂತಹಂತದ ಸ್ವಿಚ್, ಫೇಸ್ ಸ್ವಿಚ್, ಮಾಮೂಲಿ ಆಂಪ್ಲಿಫೈಯರಿಗೆ ಹೊಂದಿಸಲು ಹೈ–ಲೋ ಸ್ವಿಚ್. ಲೆಸ್ ಪಾಲ್ ಬೇಡಿಕೆ ಸರ್ಕ್ಯೂಟಿನೊಳಗೆ ನಿಜವಾಗಿ ಇಳಿದದ್ದು ಈ ಗಿಟಾರುಗಳಲ್ಲಿ. ಜನ ಅವುಗಳನ್ನು ಕೊಳ್ಳಲಿಲ್ಲ. ರಾಕ್ ವಾದಕರಿಗೆ ಬೇಕಾಗಿದ್ದುದು ವಾಲ್ವ್ ಆಂಪ್ಲಿಫೈಯರನ್ನು ನರಳಿಸುವ ದನಿ. ಮಿಕ್ಸರಿನ ಸ್ವಚ್ಛತೆ ಅವರಿಗೆ ಬೇಡವಾಗಿತ್ತು.

ಆ ನರಳುವ ದನಿಯನ್ನು ರೂಢಿಗೆ ತಂದವರಲ್ಲಿ ಎರಿಕ್ ಕ್ಲಾಪ್ಟನ್ ಪ್ರಮುಖರು. ಕ್ರೀಂ ತಂಡದ 1968ರ ವಿದಾಯ ಕಛೇರಿಯ ಚಿತ್ರದಲ್ಲಿ ಅವರು ಎಸ್‌ಜಿ ಗಿಟಾರ್ ಹಿಡಿದು ನಾಬ್ ತಿರುಗಿಸಿ ‘ವುಮನ್ ಟೋನ್’ ಎಂದರೇನೆಂದು ತೋರಿಸುತ್ತಾರೆ. ಟೋನ್ ಪೂರ್ತಿ ಮುಚ್ಚಿದೆ, ವಾಲ್ಯೂಮ್ ಪೂರ್ತಿ ಏರಿದೆ, ಆಂಪ್ಲಿಫೈಯರ್ ಕೂಗುತ್ತಿದೆ. ಕಿವಿಗೆ ಬೀಳುವ ಆ ದುಂಡು ದನಿ ಚೂಪು ಕಳೆದುಹೋದದ್ದರಿಂದ ಮಾತ್ರ ಬಂದದ್ದಲ್ಲ, 500 ಹರ್ಟ್ಸ್ ಕಡೆಗೆ ಜಾರಿದ ಅನುರಣನದ ಉಬ್ಬು ಅದು. ಅವರ ಕೈಯಲ್ಲಿದ್ದುದು ಲೆಸ್ ಪಾಲ್ ಹೆಸರು ಕಳಚಿಕೊಂಡ ಆಕಾರವೇ ಎಂಬುದೂ ಇಲ್ಲಿ ನೆನಪಿಡತಕ್ಕದ್ದು.

1970ರ ದಶಕದಲ್ಲಿ ಕ್ಲಾಪ್ಟನ್ ಸ್ಟ್ರಾಟೋಕಾಸ್ಟರಿಗೆ ಹೊರಳಿದರು. ಹಲವು ಹಳೆಯ ಸ್ಟ್ರಾಟ್‌ಗಳ ಭಾಗ ಕೂಡಿಸಿ ಕಟ್ಟಿದ ‘ಬ್ಲ್ಯಾಕೀ’ 1980ರ ದಶಕದ ನಡುವಿನವರೆಗೆ ಅವರ ಸಂಗಾತಿ. 1954ರ ಮೂಲ ಸ್ಟ್ರಾಟಿನ ಜಾಲವೇ ಬೇರೆ: ಮೂರು ಸಿಂಗಲ್ ಕಾಯಿಲ್ ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್, ಬ್ರಿಜ್ ಕಡೆಯ ಪಿಕಪ್ಪಿಗೆ ಟೋನೇ ಇಲ್ಲ. ಅದರ ದನಿ ತಿಳಿ, ಹರಿತ. ಹಂಬಕರಿನ ಮೈಕಟ್ಟು ಅದಕ್ಕಿಲ್ಲ. ಕ್ಲಾಪ್ಟನ್‌ಗೆ ಕೈಗೆ ಸ್ಟ್ರಾಟ್ ಬೇಕು, ಕಿವಿಗೆ ಆ ಮೈಕಟ್ಟೂ ಬೇಕು.

1988ರಲ್ಲಿ ಫೆಂಡರ್ ಕೊಟ್ಟ ಉತ್ತರವೇ ಎರಿಕ್ ಕ್ಲಾಪ್ಟನ್ ಸ್ಟ್ರಾಟೋಕಾಸ್ಟರ್. ಯಂಗ್ವೀ ಮಾಲ್ಮ್‌ಸ್ಟೀನ್ ಮಾದರಿಯೊಂದಿಗೆ ಅದು ಫೆಂಡರಿನ ಆರಂಭದ ಸಿಗ್ನೇಚರ್ ಸ್ಟ್ರಾಟ್. ಪಿಕಪ್‌ಗಳು ಗದ್ದಲ ಕಡಿಮೆಯಿರುವ ಲೇಸ್ ಸೆನ್ಸರ್. ಹೊರಗಿನಿಂದ ಅದೇ ಮೂರು ನಾಬ್, ಒಳಗೆ ಬೇರೆ ಲೋಕ. ಎರಡನೆಯ ನಾಬ್ ‘ಟಿಬಿಎಕ್ಸ್’. ನಡುವೆ, 5ರಲ್ಲಿ, ಬೆರಳಿಗೆ ಸಣ್ಣ ತಡೆ ತಟ್ಟುತ್ತದೆ. ಅಲ್ಲಿಂದ ಕೆಳಕ್ಕೆ ಮಾಮೂಲಿ ಟೋನಿನಂತೆ ಚೂಪು ಇಳಿಯುತ್ತದೆ. ಮೇಲಕ್ಕೆ ತಿರುಗಿಸಿದರೆ ಪಿಕಪ್ ಮೇಲಿನ ಹೊರೆ ಹಗುರಾಗಿ ದನಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಒಂದೇ ಗೂಟಕ್ಕೆ 250 ಕಿಲೋಓಮ್ ಮತ್ತು 1 ಮೆಗಾಓಮ್‌ನ ಎರಡು ಪಾಟ್ ಪೋಣಿಸಿ ಇದನ್ನು ಸಾಧಿಸಿದ್ದಾರೆ. ಇದಕ್ಕೆ ಬ್ಯಾಟರಿಯ ಹಂಗಿಲ್ಲ.

ಬ್ಯಾಟರಿ ಬೇಕಾಗಿರುವುದು ಮೂರನೆಯ ನಾಬಿಗೆ. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಈ ಮಿಡ್ ಬೂಸ್ಟ್ ಮಧ್ಯದ ಆವೃತ್ತಿಗಳನ್ನು 25 ಡೆಸಿಬೆಲ್‌ವರೆಗೆ, ಅಂದರೆ ವೋಲ್ಟೇಜಿನಲ್ಲಿ ಸುಮಾರು 18 ಪಟ್ಟು, ಎತ್ತುತ್ತದೆ. ಈ ಎತ್ತರದ ನಡುಬಿಂದು ಸುಮಾರು 500 ಹರ್ಟ್ಸ್. 1968ರಲ್ಲಿ ಹಂಬಕರ್ ಮತ್ತು ಮುಚ್ಚಿದ ಟೋನ್ ನಾಬ್ ಸೇರಿ ಉಬ್ಬಿಸುತ್ತಿದ್ದ ಸ್ಥಳವನ್ನೇ ಇಲ್ಲಿ ಇಲೆಕ್ಟ್ರಾನಿಕ್ಸ್ ಎತ್ತುತ್ತಿದೆ; ಅದೂ ಚೂಪು ನಾದವನ್ನು ಬಲಿಕೊಡದೆ. ಟಿಬಿಎಕ್ಸ್ ಆಗಲಿ ಮಿಡ್ ಬೂಸ್ಟ್ ಆಗಲಿ ಕ್ಲಾಪ್ಟನ್‌ಗಾಗಿಯೇ ಹುಟ್ಟಿದ್ದಲ್ಲ. 1983ರ ಎಲೀಟ್ ಸ್ಟ್ರಾಟೋಕಾಸ್ಟರಿನಲ್ಲಿ ಎರಡೂ ಇದ್ದವು, ಆ ಮಾದರಿ ಬೇಗನೆ ಮರೆಯಾಗಿತ್ತು. ಸೋತ ಸರ್ಕ್ಯೂಟೊಂದನ್ನು ಎತ್ತಿ, ತನಗೆ ಬೇಕಾದಷ್ಟು ಬಲ ತುಂಬಿಸಿಕೊಂಡದ್ದು ಈ ವಾದಕನ ಪಾಲು.

ಇಲ್ಲಿ ಇನ್ನೊಂದೂ ನಡೆದಿದೆ, ಅದನ್ನು ಗಮನಿಸಿದವರು ಕಡಿಮೆ. ಮಿಡ್ ಬೂಸ್ಟಿನ ಪ್ರೀಆಂಪ್ ದಾಟಿ ಬರುವ ದನಿ ಲೋ ಇಂಪೀಡೆನ್ಸಿನದು. ಕೇಬಲ್ ಉದ್ದವಾದರೂ ಮಂಕಾಗುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಲೆಸ್ ಪಾಲ್ ಪಿಕಪ್ಪಿನ ಸುತ್ತು ಇಳಿಸಿ ಪಡೆಯಲು ಹೊರಟು ಮಾರುಕಟ್ಟೆಯಲ್ಲಿ ಸೋತ ಗುಣವೇ ಎದುರಾಳಿ ಕಂಪನಿಯ ಗಿಟಾರಿನಲ್ಲಿ, ಇನ್ನೊಬ್ಬರ ಹೆಸರಿನಲ್ಲಿ, ಯಾರೂ ಕೇಳದೆಯೇ ಬಂದು ಕೂತಿತು.

ಎಲ್ಲ ವಾದಕರೂ ಸರ್ಕ್ಯೂಟು ಬೆಳೆಸಿದರೆಂದಲ್ಲ. ಎಡ್ಡಿ ವ್ಯಾನ್ ಹೇಲನ್ ಟೋನ್ ನಾಬನ್ನೇ ಕಿತ್ತುಹಾಕಿದವರು. ಅವರ ಗಿಟಾರಿನಲ್ಲಿದ್ದ ಒಂದೇ ನಾಬ್ ವಾಲ್ಯೂಮಿನದು, ಅದರ ಮೇಲೆ ಬರೆದಿದ್ದುದು ‘ಟೋನ್’. 1991ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿ ಅವರ ಹೆಸರಿನ ಮಾದರಿ ತಂದಾಗ ಆ ತಪ್ಪು ಹೆಸರನ್ನೂ ಹಾಗೇ ಉಳಿಸಿತು. ಬೇಡಿಕೆ ಸರ್ಕ್ಯೂಟಿನೊಳಗೆ ಇಳಿಯುವುದೆಂದರೆ ಕೆಲವೊಮ್ಮೆ ಸರ್ಕ್ಯೂಟು ಇಲ್ಲದಿರುವುದೂ ಹೌದು.

ನಾನು ತಲುಪಿದ ತೀರ್ಮಾನ ಇಷ್ಟು: 1952ರ ಲೆಸ್ ಪಾಲ್ ಗಿಬ್ಸನ್ನಿನ ಗಿಟಾರ್, ಅದರ ಮೇಲೆ ಲೆಸ್ ಪಾಲ್ ಹೆಸರಿದೆ, 1988ರ ಕ್ಲಾಪ್ಟನ್ ಸ್ಟ್ರಾಟ್ ಕ್ಲಾಪ್ಟನ್ ಬೇಡಿಕೆಯ ಗಿಟಾರ್, ಅದನ್ನು ಫೆಂಡರ್ ತಯಾರಿಸಿದೆ. ಇಂಥ ಹಳೆಯ ಗಿಟಾರ್ ಕೊಳ್ಳುವವರು ಹಣ ಎಣಿಸುವ ಮೊದಲು ಮುಚ್ಚಳವನ್ನೋ ಪಿಕ್‌ಗಾರ್ಡನ್ನೋ ಬಿಚ್ಚಿಸಿ ಪಾಟ್‌ಗಳ ಬೆನ್ನು ನೋಡಬೇಕು. ಅಲ್ಲಿ ಒತ್ತಿದ ಸಂಖ್ಯೆಯ ಮೊದಲ ಮೂರು ಅಂಕಿ ತಯಾರಕರ ಗುರುತು, 137 ಎಂದರೆ ಸಿಟಿಎಸ್, 134 ಎಂದರೆ ಸೆಂಟ್ರಲ್ಯಾಬ್. ಅದರ ಮುಂದಿನವು ವರ್ಷ ಮತ್ತು ವಾರ. ಆ ವಾರಕ್ಕಿಂತ ಮುಂಚೆ ಆ ಸರ್ಕ್ಯೂಟು ಕಟ್ಟಿರಲು ಸಾಧ್ಯವಿಲ್ಲ, ಮಾರುವವರು ಏನೇ ಹೇಳಲಿ.