ಜಿಂಗ್‌ಡೆಜೆನ್: ಅರಸರ ಮುದ್ರೆ, ಕುಂಬಾರರ ಕೈ

ಚೀನಾದ ಜಿಯಾಂಗ್ಶಿ ಪ್ರಾಂತ್ಯದಲ್ಲಿ, ಗುಡ್ಡಗಳ ನಡುವೆ ಹರಿಯುವ ಚಾಂಗ್ ನದಿಯ ದಡದಲ್ಲಿರುವ ಜಿಂಗ್‌ಡೆಜೆನ್, ಸಾವಿರ ವರ್ಷಗಳಿಂದ ಪಿಂಗಾಣಿಯ ಕಸುಬನ್ನೇ ನೆಚ್ಚಿಕೊಂಡು ಬಂದ ಪಟ್ಟಣ. ಸುಂಗ್ ವಂಶದ ಚಕ್ರವರ್ತಿ ಝೆನ್‌ಜುಂಗ್ 1004ರಲ್ಲಿ ಆರಂಭಿಸಿದ ‘ಜಿಂಗ್‌ಡೆ’ ಶಕೆಯ ಹೆಸರೇ ಈ ಊರಿಗೆ ನಿಂತಿತೆಂಬುದು, ಅರಮನೆಗೂ ಇಲ್ಲಿನ ಕುಂಬಾರರಿಗೂ ಅಷ್ಟು ಹಿಂದೆಯೇ ಏರ್ಪಟ್ಟಿದ್ದ ನಂಟಿಗೆ ಸಾಕ್ಷಿ. ಜಗತ್ತಿನ ವಸ್ತುಸಂಗ್ರಹಾಲಯಗಳು ಈ ಊರಿನ ಪಾತ್ರೆಗಳನ್ನು ಇಂದಿಗೂ ಆಯಾ ಚಕ್ರವರ್ತಿಯ ಹೆಸರಿನಿಂದ ಗುರುತಿಸುತ್ತವೆ. ಆದರೆ ಆ ಪಾತ್ರೆಗಳ ಸೊಬಗಿಗೆ ಅರಸರ ಅಭಿರುಚಿಗಿಂತ ಹೆಚ್ಚಾಗಿ ಕಾರಣವಾದದ್ದು, ಒಂದು ಕಸುಬನ್ನು ಹತ್ತಾರು ಕಸುಬುಗಳಾಗಿ ಹಂಚಿಕೊಂಡು, ಪ್ರತಿಯೊಂದನ್ನೂ ತುತ್ತತುದಿಗೆ ಮುಟ್ಟಿಸಿದ ಹೆಸರಿಲ್ಲದ ಕೆಲಸಗಾರರ ದುಡಿಮೆ.

ಇಲ್ಲಿನ ಪಿಂಗಾಣಿಗೆ ಎರಡು ಮೂಲದ್ರವ್ಯಗಳು ಬೇಕು. ಒಂದು, ಬೆಟ್ಟದಿಂದ ಅಗೆದು ನೀರಿನ ಬಲದಿಂದ ಏಳುವ ಒನಕೆಗಳಲ್ಲಿ ಕುಟ್ಟಿ, ಹುಡಿಯನ್ನು ತೊಳೆದು ಸೋಸಿ, ಸಣ್ಣ ಬಿಳಿಯ ಇಟ್ಟಿಗೆಗಳಾಗಿ ಮಾಡಿ ಮಾರುತ್ತಿದ್ದ ಪಿಂಗಾಣಿಕಲ್ಲು. ಇನ್ನೊಂದು, ಹತ್ತಿರದ ಗಾವ್‌ಲಿಂಗ್ ಬೆಟ್ಟದ ಹೆಸರನ್ನೇ ಹೊತ್ತು ಈಗ ಎಲ್ಲೆಡೆ ಕೇಯೊಲಿನ್ ಎನಿಸಿಕೊಂಡಿರುವ ಬಿಳಿಯ ಜೇಡಿಮಣ್ಣು. ಸುಂಗ್ ಕಾಲದ ಕುಂಬಾರರು ಬಹುಮಟ್ಟಿಗೆ ಪಿಂಗಾಣಿಕಲ್ಲನ್ನೇ ಬಳಸಿ, ತಿಳಿನೀಲಿ ಛಾಯೆಯ ಬಿಳಿ ಮೆರುಗಿದ್ದ ತೆಳುವಾದ ‘ಚಿಂಗ್‌ಬಾಯ್’ ಪಾತ್ರೆಗಳನ್ನು ಮಾಡುತ್ತಿದ್ದರು. ಮೆರುಗೆಂದರೆ ಬೆಂಕಿಯಲ್ಲಿ ಕರಗಿ ಪಾತ್ರೆಯ ಮೈಗೆ ಗಾಜಿನಂತೆ ಅಂಟಿಕೊಳ್ಳುವ ಲೇಪ. ಬರೀ ಕಲ್ಲಿನ ಹುಡಿಯಿಂದ ಮಾಡಿದ ಪಾತ್ರೆ ಹೆಚ್ಚಿನ ಶಾಖಕ್ಕೆ ಮೆತ್ತಗಾಗಿ ಕುಸಿಯುತ್ತಿದ್ದುದರಿಂದ, ಯುವಾನ್ ವಂಶದ ಕಾಲಕ್ಕೆ ಅದರೊಡನೆ ಕೇಯೊಲಿನ್ ಬೆರೆಸುವ ರೂಢಿ ಬೆಳೆಯಿತು. ಹಾಗೆ ಹದಗೊಂಡ ಮಣ್ಣು 1,300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬೆಂಕಿಯಲ್ಲೂ ಆಕಾರ ಬಿಡದೆ ನಿಲ್ಲುತ್ತಿದ್ದುದರಿಂದ ದೊಡ್ಡ ಹೂದಾನಿಗಳನ್ನೂ ಅಗಲವಾದ ತಟ್ಟೆಗಳನ್ನೂ ಮಾಡಲು ಸಾಧ್ಯವಾಯಿತು.

ಕುಬ್ಲಾಯ್ ಖಾನನ ಆಡಳಿತವು 1278ರಲ್ಲಿ ಇಲ್ಲಿ ಪಿಂಗಾಣಿಯ ಮೇಲ್ವಿಚಾರಣೆಗೆಂದು ಫುಲಿಯಾಂಗ್ ಕಚೇರಿಯನ್ನು ತೆರೆಯಿತು. ಮಂಗೋಲರ ಆಳ್ವಿಕೆಯಲ್ಲಿ ಪಶ್ಚಿಮ ಏಷ್ಯಾದೊಡನೆ ವ್ಯಾಪಾರ ಸಲೀಸಾದಾಗ, ಪರ್ಷಿಯಾದ ಕಡೆಯಿಂದ ಬಂದ ಕೋಬಾಲ್ಟ್ ಎಂಬ ಖನಿಜವು ಈ ಊರಿನ ಕೈಗೆ ಹೊಸ ಬಣ್ಣವೊಂದನ್ನು ಕೊಟ್ಟಿತು. ಹಸಿ ಪಾತ್ರೆಯ ಮೇಲೆ ಕುಂಚದಿಂದ ಕೋಬಾಲ್ಟಿನ ಚಿತ್ರ ಬರೆದು, ಮೇಲೆ ಪಾರದರ್ಶಕ ಮೆರುಗನ್ನು ಬಳಿದು ಸುಟ್ಟರೆ, ಬೂದುಗಪ್ಪಾಗಿ ಕಾಣುತ್ತಿದ್ದ ಗೆರೆ ಕಡುನೀಲಿಯಾಗಿ ಹೊಮ್ಮುತ್ತದೆ. ಹಸಿ ಪಿಂಗಾಣಿಯ ಮೈ ಬಣ್ಣವನ್ನು ತಕ್ಷಣ ಹೀರಿಕೊಳ್ಳುವುದರಿಂದ ಎಳೆದ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ. ಕಾಗದದ ಮೇಲೆ ಮಸಿಯಿಂದ ಬರೆಯುವ ಚೀನೀ ಚಿತ್ರಕಾರನ ಮತ್ತು ಲಿಪಿಕಾರನ ಶಿಸ್ತೇ ಇಲ್ಲಿಯೂ ಬೇಕು. ಈ ನೀಲಿ-ಬಿಳಿ ಕಲೆ ಎಷ್ಟು ಬೇಗ ಪ್ರಬುದ್ಧವಾಯಿತೆಂಬುದಕ್ಕೆ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಡೇವಿಡ್ ಹೂದಾನಿಗಳು’ ಸಾಕ್ಷಿ. ಸುಮಾರು 63 ಸೆಂಟಿಮೀಟರ್ ಎತ್ತರದ ಈ ಜೋಡಿಯ ಕೊರಳಿನಲ್ಲಿ, 1351ರಲ್ಲಿ ಝಾಂಗ್ ವೆನ್‌ಜಿನ್ ಎಂಬ ಭಕ್ತ ತನ್ನ ಮನೆಮಂದಿಯ ಕ್ಷೇಮಕ್ಕಾಗಿ ಇವನ್ನು ದೇಗುಲವೊಂದಕ್ಕೆ ಒಪ್ಪಿಸಿದನೆಂಬ ಬರಹವಿದೆ. ಹರಕೆ ಹೊತ್ತವನ ಹೆಸರು ಹೀಗೆ ಉಳಿದಿದೆ, ಚಿತ್ರ ಬರೆದವನ ಹೆಸರು ಉಳಿದಿಲ್ಲ.

ಮಿಂಗ್ ವಂಶದ ಕಾಲದಲ್ಲಿ ಊರಿನ ನಡುವಿನ ಝುಶಾನ್ ದಿಬ್ಬದ ಮೇಲೆ ಅರಮನೆಯದೇ ಆವಿಗೆಗಳು ನೆಲೆಯೂರಿದವು, ಪಾತ್ರೆಯ ತಳದಲ್ಲಿ ವಂಶ ಮತ್ತು ಶಕೆಗಳ ಹೆಸರನ್ನು ಆರು ಅಕ್ಷರಗಳಲ್ಲಿ ಬರೆಯುವ ಪದ್ಧತಿಯೂ ಬಲಿಯಿತು. ಶುವಾನ್‌ದೆ ಶಕೆಯ (1426–35) ಮುದ್ರೆಯ ಅಕ್ಷರಗಳಿಗೆ ಆಸ್ಥಾನದ ಲಿಪಿಕಾರ ಶೆನ್ ದುವಿನ ಬರವಣಿಗೆ ಮಾದರಿಯಾಗಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ. ಅರಮನೆಯ ಹಸಿವಿಗೆ ಮಿತಿಯಿರಲಿಲ್ಲ: 1433ರ ಒಂದೇ ಆದೇಶದಲ್ಲಿ 4,43,500 ಪಾತ್ರೆಗಳನ್ನು ಕೇಳಲಾಗಿತ್ತೆಂದು ಮಿಂಗ್ ಆಡಳಿತದ ದಾಖಲೆ ಹೇಳುತ್ತದೆ. ಇಷ್ಟನ್ನು ಒಂದೇ ಮಟ್ಟದಲ್ಲಿ ಒದಗಿಸಬೇಕಾದರೆ ಕೆಲಸವನ್ನು ಹಂಚಿಕೊಳ್ಳದೆ ದಾರಿಯಿಲ್ಲ. ತಿಗರಿಯ ಮೇಲೆ ಎತ್ತುವವನು, ಒಣಗಿದ ಮೇಲೆ ಕೆರೆದು ತೆಳುಗೊಳಿಸುವವನು, ಮೆರುಗಿನಲ್ಲಿ ಅದ್ದುವವನು, ಹೊಗೆ ಮತ್ತು ಬೂದಿ ತಾಗದಂತೆ ಪಾತ್ರೆಯನ್ನಿಡುವ ಮಣ್ಣಿನ ಪೆಟ್ಟಿಗೆಗಳನ್ನು ಮಾಡುವವನು, ಪೈನ್ ಸೌದೆಯ ಉರಿಯನ್ನು ನೋಡಿಕೊಳ್ಳುವವನು, ಹೀಗೆ ಒಬ್ಬೊಬ್ಬನಿಗೂ ಒಂದೊಂದೇ ಕೆಲಸ. ಸುಂಗ್ ಯಿಂಗ್‌ಶಿಂಗ್ 1637ರ ತನ್ನ ಕೈಗಾರಿಕಾ ಗ್ರಂಥದಲ್ಲಿ ಒಂದು ಬಟ್ಟಲು ಸಿದ್ಧವಾಗುವಷ್ಟರಲ್ಲಿ 72 ಕೈಗಳನ್ನು ದಾಟುತ್ತದೆಂದು ಲೆಕ್ಕ ಕೊಡುತ್ತಾನೆ. 1712ರಲ್ಲಿ ಇಲ್ಲಿಂದ ಪತ್ರ ಬರೆದ ಫ್ರೆಂಚ್ ಜೆಸ್ಯೂಟ್ ಪಾದ್ರಿ ದಾಂತ್ರ್‌ಕೋಲ್ ಕೂಡ ಎಪ್ಪತ್ತು ಕೈಗಳ ಮಾತನ್ನೇ ಹೇಳುತ್ತಾನೆ. ಚಿತ್ರದ ಕೆಲಸದಲ್ಲೂ ಹೊರಗೆರೆ ಎಳೆಯುವವನು ಬೇರೆ, ಒಳಗೆ ಬಣ್ಣ ತುಂಬುವವನು ಬೇರೆ. ಒಬ್ಬನ ಕಲೆಯನ್ನು ಇನ್ನೊಬ್ಬನಿಗೆ ಕಲಿಸದಿರುವುದು ಕೈ ಪಳಗಲು ಮತ್ತು ಮನಸ್ಸು ಚದುರದಿರಲು ಎಂದು 1743ರ ಸಚಿತ್ರ ವಿವರಣೆಯಲ್ಲಿ ಅರಮನೆಯ ಆವಿಗೆಗಳ ಅಧಿಕಾರಿ ತಾಂಗ್ ಯಿಂಗ್ ಸಮರ್ಥಿಸುತ್ತಾನೆ. ಈ ಸಮರ್ಥನೆಯಲ್ಲಿ ಸತ್ಯವಿದೆ. ಆದರೆ ಜೀವಮಾನವೆಲ್ಲ ಹೊರಗೆರೆಯನ್ನೇ ಎಳೆದವನಿಗೆ ಇಡೀ ಪಾತ್ರೆಯನ್ನು ತನ್ನದೆನ್ನುವ ಅವಕಾಶವೇ ಇರಲಿಲ್ಲವೆಂಬುದೂ ಅಷ್ಟೇ ಸತ್ಯ.

ಹೆಸರುಳಿದ ಕೆಲಸಗಾರನೊಬ್ಬನಿದ್ದಾನೆ, ಅವನ ಹೆಸರು ಉಳಿದದ್ದು ಸಾವಿನಿಂದ. ವಾನ್‌ಲಿ ಚಕ್ರವರ್ತಿ 1599ರಲ್ಲಿ ಕಳುಹಿಸಿದ ಪಾನ್ ಶಿಯಾಂಗ್ ಎಂಬ ನಪುಂಸಕ ಅಧಿಕಾರಿಯು ಡ್ರ್ಯಾಗನ್ ಚಿತ್ರವಿರುವ ಭಾರಿ ತೊಟ್ಟಿಗಳನ್ನು ಮಾಡಿಕೊಡಲು ಒತ್ತಾಯಿಸಿದ. ಅಷ್ಟು ದೊಡ್ಡ ತೊಟ್ಟಿಗಳು ಆವಿಗೆಯಲ್ಲಿ ಮತ್ತೆ ಮತ್ತೆ ಸೀಳುತ್ತಿದ್ದವು, ಕೆಲಸಗಾರರಿಗೆ ಏಟು ಬೀಳುತ್ತಿತ್ತು. ತನ್ನವರ ಸಂಕಟವನ್ನು ತಾಳಲಾರದೆ ತುಂಗ್ ಬಿನ್ ಎಂಬ ಕುಂಬಾರ ಉರಿಯುವ ಆವಿಗೆಗೆ ಹಾರಿದನೆಂದೂ, ಆಮೇಲೆ ತೊಟ್ಟಿ ಚೊಕ್ಕವಾಗಿ ಹೊರಬಂತೆಂದೂ ಊರಿನವರು ನಂಬುತ್ತಾ ಬಂದರು. ಕೆಲವೇ ವರ್ಷಗಳಲ್ಲಿ ಕೆಲಸಗಾರರು ದಂಗೆಯೆದ್ದು ಅಧಿಕಾರಿಯ ಕಟ್ಟಡಗಳಿಗೆ ಬೆಂಕಿಯಿಟ್ಟರು; ತುಂಗ್ ಬಿನ್ ಗಾಳಿ-ಬೆಂಕಿಗಳ ದೇವನಾಗಿ ಗುಡಿಯಲ್ಲಿ ಪೂಜೆಗೊಂಡ. 1728ರಿಂದ ಇಲ್ಲಿದ್ದು, ಮೊದಲ ಮೂರು ವರ್ಷ ಕೆಲಸಗಾರರೊಡನೆಯೇ ಉಂಡು ಮಲಗಿ ಕಸುಬು ಕಲಿತ ಅದೇ ತಾಂಗ್ ಯಿಂಗ್, ಮೂಲೆಗುಂಪಾಗಿದ್ದ ವಾನ್‌ಲಿ ಕಾಲದ ತೊಟ್ಟಿಯೊಂದನ್ನು ಹುಡುಕಿಸಿ ಆ ಗುಡಿಯ ಬಳಿ ಇಡಿಸಿದ. ಅರಸರ ಅಧಿಕಾರಿಗಳಲ್ಲಿ ಕುಂಬಾರರ ನೋವಿಗೆ ಇಷ್ಟು ಗೌರವ ತೋರಿದವರು ವಿರಳ.

ವಾನ್‌ಲಿಯ ಆಳ್ವಿಕೆಯ ಕೊನೆಗೆ ಅರಮನೆಯ ಬೇಡಿಕೆ ಕುಗ್ಗಿದಾಗ, ಖಾಸಗಿ ಆವಿಗೆಗಳು ಜಪಾನಿನ ಗಿರಾಕಿಗಳಿಗೂ ಡಚ್ ಈಸ್ಟ್ ಇಂಡಿಯಾ ಕಂಪನಿಗೂ ದುಡಿದವು. ಮುದ್ರಿತ ಪುಸ್ತಕಗಳ ಮರದಚ್ಚಿನ ಚಿತ್ರಗಳಿಂದ ಬೆಟ್ಟ, ಮಂಜು, ಒಂಟಿ ದೋಣಿಗಳನ್ನು ಎತ್ತಿಕೊಂಡು ಪಾತ್ರೆಯ ಮೈಯಲ್ಲಿ ಹರಿಯಬಿಟ್ಟ ಆ ಕಾಲದ ಚಿತ್ರಗಳಲ್ಲಿ ಅರಮನೆಯ ಪಾತ್ರೆಗಳಿಗಿಲ್ಲದ ಬಿಡುಬೀಸು ಕಾಣುತ್ತದೆ. ಚೀನಾದ ಪಿಂಗಾಣಿ ಕನ್ನಡನಾಡಿಗೂ ಬಂದಿತ್ತೆಂಬುದು ಹಂಪಿಯ ಉತ್ಖನನಗಳಲ್ಲಿ, ವಿಜಯನಗರದ ಸಿರಿವಂತರ ವಸತಿಗಳಿದ್ದ ಭಾಗದಲ್ಲಿ, ಸಿಕ್ಕ ಚೂರುಗಳಿಂದ ತಿಳಿಯುತ್ತದೆ.

ಅರಮನೆಯ ಆವಿಗೆಗಳು ಹತ್ತೊಂಬತ್ತನೆಯ ಶತಮಾನದ ತೈಪಿಂಗ್ ದಂಗೆಯಲ್ಲಿ ನಾಶವಾಗಿ, ಮತ್ತೆ ಕಟ್ಟಲ್ಪಟ್ಟರೂ ಹಳೆಯ ನೆಲೆಗೆ ಏರಲಿಲ್ಲ. ಅವುಗಳ ಚರಿತ್ರೆಯ ಹೊಸ ಆಕರ ದೊರೆತದ್ದು 1980ರ ದಶಕದಿಂದೀಚೆಗೆ, ಪುರಾತತ್ತ್ವಜ್ಞ ಲಿಯು ಶಿನ್‌ಯುವಾನ್ ಮತ್ತು ಸಂಗಡಿಗರು ಝುಶಾನ್ ದಿಬ್ಬವನ್ನು ಅಗೆದಾಗ. ಅರಸನಿಗೆಂದು ಮಾಡಿದ್ದನ್ನು ಬೇರೆಯವರು ಬಳಸಬಾರದೆಂದು, ಕುಂದಿದ್ದ ಪಾತ್ರೆಗಳನ್ನು ಒಡೆದು ಅಲ್ಲಿಯೇ ಹೂಳಲಾಗುತ್ತಿತ್ತು. ಚೂರುಗಳನ್ನು ಜೋಡಿಸುತ್ತಾ ಹೋದಂತೆ ಅರಮನೆಯ ಸಂಗ್ರಹಗಳಲ್ಲಿ ಕಾಣದ ಆಕಾರಗಳೂ ಹೊರಬಂದವು. 1993ರಲ್ಲಿ, ಶುವಾನ್‌ದೆ ಚಕ್ರವರ್ತಿಗೆ ಪ್ರಿಯವಾಗಿದ್ದ ಚಿಮ್ಮಂಡೆ ಕಾಳಗದ ಹುಳುಗಳನ್ನು ಸಾಕುವ ಭರಣಿಗಳು ಸಿಕ್ಕವು. ಬಣ್ಣ ಹರಡಿದ, ಮೈ ಸೊಟ್ಟಗಾದ, ಮೆರುಗು ಬಿಟ್ಟ ಇಂಥ ಚೂರುಗಳಿಂದಲೇ, ಚೊಕ್ಕವಾದ ಪಾತ್ರೆಗಳು ಎಂದೂ ಹೇಳದ ವಿಷಯವನ್ನು, ಎಂದರೆ ಯಾವ ಹಂತದಲ್ಲಿ ಯಾವ ಕೆಲಸ ಕೈಕೊಡುತ್ತಿತ್ತು ಮತ್ತು ಅದನ್ನು ಕೆಲಸಗಾರರು ಹೇಗೆ ಸರಿಪಡಿಸಿಕೊಳ್ಳುತ್ತಾ ಹೋದರು ಎಂಬುದನ್ನು, ಸಂಶೋಧಕರು ಈಗ ಓದಿಕೊಳ್ಳುತ್ತಿದ್ದಾರೆ.